ಲಂಡನ್ ದಾರಿಯ ಬುತ್ತಿ

ಸಾಂತಾಕ್ರೂಜ್ ಸ್ಟೇಷನ್ನಿನ ಪೂರ್ವಕ್ಕೆ, ವಾಕೋಲಾದ ಭಾಗವ್ವನ ಖಾನಾವಳಿಯಲ್ಲಿ ಯಾರ ಮಾತೂ ಒಂದೇ ಉಸಿರಿನಲ್ಲಿ ಮುಗಿಯುತ್ತಿರಲಿಲ್ಲ. ಅರ್ಧ ಆಡುವಷ್ಟರಲ್ಲಿ ತಗಡಿನ ಮಾಡಿನ ಮೇಲೆ ವಿಮಾನವೊಂದು ಹಾಯುತ್ತಿತ್ತು. ತಾಟು ಲೋಟಗಳು ಝಣಗುಡುತ್ತಿದ್ದವು. ಉಣ್ಣುವವರು ತುತ್ತು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿ, ಸದ್ದು ಸಮುದ್ರದ ಕಡೆ ಇಳಿದು ಹೋದ ಮೇಲೆ ಬಿಟ್ಟಲ್ಲಿಂದ ಮಾತು ಎತ್ತಿಕೊಳ್ಳುತ್ತಿದ್ದರು. ಬಿಜಾಪುರದ ಕಡೆಯಿಂದ ಹೊಸದಾಗಿ ಬಂದವರಿಗೆ ಇದು ರೂಢಿಯಾಗಲು ಎಂಟು ದಿನ ಬೇಕಾಗುತ್ತಿತ್ತು.

ಅಣವೀರಪ್ಪನಿಗೆ ಮಾತ್ರ ಈ ಸದ್ದು ಬಹಳ ಉಪಯೋಗಕ್ಕೆ ಬಿದ್ದಿತ್ತು.

ಅವನು ಇಂಡಿ ತಾಲೂಕಿನ ಹುಡುಗ. ಫೋರ್ಟಿನ ಒಂದು ಟ್ರಾವೆಲ್ ಆಫೀಸಿನಲ್ಲಿ ಗುಮಾಸ್ತ. ತಲೆದಿಂಬಿನಷ್ಟು ದಪ್ಪನೆಯ ವಿಮಾನದ ಟೈಮ್‌ಟೇಬಲ್ ಪುಸ್ತಕ ತೆರೆದು, ಯಾವ ಊರಿನಿಂದ ಯಾವ ಊರಿಗೆ ಎಷ್ಟು ಮೈಲಿ, ಎಷ್ಟು ತಾಸು ಎಂದು ಗುಲಾಬಿ ಚೀಟಿಯಲ್ಲಿ ಬರೆದು ಕೊಡುವುದು ಅವನ ಕೆಲಸ. ತಾನು ಮಾತ್ರ ಇನ್ನೂ ವಿಮಾನದ ಮೆಟ್ಟಿಲು ಮುಟ್ಟಿದವನಲ್ಲ. ಆದರೂ ಸಂಜೆ ಊಟಕ್ಕೆ ಕೂತಾಗ ಮೇಲೆ ಸದ್ದಾಯಿತೆಂದರೆ ಕೈಗಡಿಯಾರ ನೋಡಿ, "ಅದು ನೈರೋಬಿ. ಎರಡು ಸಾವಿರದ ಎಂಟುನೂರು ಮೈಲಿ, ಆರು ತಾಸು" ಎಂದು ಹೇಳಿಯೇ ತುತ್ತು ಬಾಯಿಗಿಡುತ್ತಿದ್ದ.

"ಆ ವಿಮಾನ ನಡಸಾಂವಗೂ ಇಷ್ಟ್ ಗೊತ್ತಿರ್ಲಿಕ್ಕಿಲ್ಲೋ ಮಾರಾಯಾ" ಎಂದು ಎದುರು ಕೂತ ಗೌಂಡಿ ಖಂಡಪ್ಪ ನಗುತ್ತಿದ್ದ. ಖಂಡಪ್ಪ ಏರ್‌ಪೋರ್ಟಿನ ಕಾಂಪೌಂಡ್ ಗೋಡೆ ಕಟ್ಟುವವನು. ವಿಮಾನಗಳ ಹೊಟ್ಟೆಯನ್ನು ದಿನಾ ಕಂಡವನು.

ಸದ್ದಿನ ಉಪಯೋಗ ಬೇರೆಯೇ ಇತ್ತು. ಭಾಗವ್ವನ ಮಗಳು ಕಸ್ತೂರಿ ಬಿಸಿ ರೊಟ್ಟಿ ಹಿಡಿದು ಬೆಂಚಿನ ಹತ್ತಿರ ಬರುವುದಕ್ಕೂ ವಿಮಾನ ಹಾಯುವುದಕ್ಕೂ ಸರಿಹೋದಾಗ ಅಣವೀರಪ್ಪ ತಲೆಯೆತ್ತಿ, ಸ್ಪಷ್ಟವಾಗಿ, ಇಡೀ ಖಾನಾವಳಿಗೆ ಕೇಳುವಷ್ಟು ಗಟ್ಟಿಯಾಗಿ, "ಕಸ್ತೂರಿ, ನೀ ಅಂದ್ರ ನನಗ ಭಾಳ ಜೀವ" ಎಂದುಬಿಡುತ್ತಿದ್ದ. ಒಂದಕ್ಷರವೂ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಸದ್ದು ನಿಂತ ಮೇಲೆ ಕಸ್ತೂರಿ ಒಂದು ಹುಬ್ಬು ಏರಿಸುತ್ತಿದ್ದಳು. "ಏನಂದ್ರಿ?"

"ಚಟ್ನಿ ಅಂದೆ."

ಅವಳು ಗಂಭೀರವಾಗಿ ಹೋಗಿ ಶೇಂಗಾ ಚಟ್ನಿ ತಂದು ಹಾಕುತ್ತಿದ್ದಳು. ಮೂರು ತಿಂಗಳಲ್ಲಿ ಅಣವೀರಪ್ಪ ತಿಂದ ಚಟ್ನಿಗೆ ನಾಲಿಗೆಯೇ ಸಾಕ್ಷಿ.

ಒಂದು ದಿನ ಅವನು ಸದ್ದಿಲ್ಲದ ಹೊತ್ತಿನಲ್ಲಿ ಧೈರ್ಯ ಮಾಡಿದ್ದೂ ಉಂಟು. "ಮಧ್ಯಾಹ್ನ ಫೋರ್ಟಿನ ಉಡುಪಿ ಹೋಟೆಲಿನಾಗ ಇಡ್ಲಿ ತಿಂದು ತಿಂದು ಹೊಟ್ಟಿ ಮೆತ್ತಗಾಗೇತಿ. ನಾಳಿಂದ ಎರಡ್ ರೊಟ್ಟಿ ಕಟ್ಟಿ ಕೊಡ್ತೀಯೇನು?"

ಭಾಗವ್ವನ ಖಾನಾವಳಿಗೆ ಒಂದು ಕಟ್ಟುಪಾಡಿತ್ತು. ಗಿರಾಕಿಗಳು ಕೂತೇ ಉಣ್ಣಬೇಕು, ಕಟ್ಟಿಸಿಕೊಂಡು ಹೋಗುವಂತಿಲ್ಲ. ಕಸ್ತೂರಿ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಹೇಳಿದಳು:

"ಗಿರಾಕಿಗೆ ತಾಟು ರೀ. ಬುತ್ತಿ ಮನಿ ಮಂದಿಗೆ. ನೀವೇನ್ ನಮ್ಮ ಮನಿ ಮಂದಿ ಏನು?"

ಆ ಗಳಿಗೆಯಲ್ಲಿ ಒಂದು ವಿಮಾನವೂ ಹಾಯಲಿಲ್ಲ. ಖಂಡಪ್ಪ ಎಲ್ಲವನ್ನೂ ಕೇಳಿಸಿಕೊಂಡ.

*

ಎಪ್ಪತ್ತಮೂರನೆಯ ಇಸವಿಯ ಮೇ ತಿಂಗಳಲ್ಲಿ ಚನ್ನಬಸಯ್ಯ ಬಂದರು. ಭಾಗವ್ವನ ಊರಿನ ಅಯ್ಯನವರು. ಕಾವಿ ಶಲ್ಯ, ಹೆಗಲಿಗೆ ಜೋಳಿಗೆ, ಬಿಳಿ ಗಡ್ಡ. ಆ ಮನೆಯಲ್ಲಿ ಎಮ್ಮೆ ಕೊಳ್ಳುವುದರಿಂದ ಹಿಡಿದು ಮದುವೆಯವರೆಗೆ ಅವರ ಬಾಯಿಂದ ಹೂಂ ಬರದೆ ಏನೂ ನಡೆದದ್ದಿಲ್ಲ. ಗಂಡ ತೀರಿಕೊಂಡಾಗ ಮಗಳನ್ನು ಕಟ್ಟಿಕೊಂಡು ಮುಂಬಯಿಗೆ ಹೋಗು ಎಂದು ಭಾಗವ್ವನಿಗೆ ಹೇಳಿದವರೂ ಅವರೇ.

ಈಗ ಅವರು ಲಂಡನ್ನಿಗೆ ಹೊರಟಿದ್ದರು. ಭಾಗವ್ವನ ಊರಿನವರೇ ಆದ ಡಾಕ್ಟರೊಬ್ಬರು ಅಲ್ಲಿದ್ದರು. ತಮ್ಮ ಕೂಸಿನ ಲಿಂಗಧಾರಣೆ ಅಯ್ಯನವರ ಕೈಯಿಂದಲೇ ಆಗಬೇಕು ಎಂದು ಹಟ ಹಿಡಿದು ಟಿಕೆಟ್ ಕಳಿಸಿದ್ದರು. ಟಿಕೆಟ್ ಬಂದದ್ದು ಅಣವೀರಪ್ಪನ ಆಫೀಸಿನ ಮೂಲಕ. ಹೀಗಾಗಿ ಹೊರಡುವ ಹಿಂದಿನ ದಿನ ಅವನು ಗುಲಾಬಿ ಚೀಟಿ ಹಿಡಿದು, ತಲೆ ಬಾಚಿಕೊಂಡು, ಖಾನಾವಳಿಯಲ್ಲಿ ಅಯ್ಯನವರ ಎದುರು ಕೂತ.

"ತಮ್ಮಾ, ನಮ್ಮ ಕಡೆ ಶ್ರೀಶೈಲಕ್ಕ ಹನ್ನೆರಡು ಬುತ್ತಿ ದಾರಿ ಅಂತಾರ. ಲಂಡನ್ನಿಗೆ ಎಷ್ಟು ಬುತ್ತಿ?" ಎಂದರು ಅಯ್ಯ.

ಪ್ರಶ್ನೆ ಸಣ್ಣದಲ್ಲ. ಅಯ್ಯನವರದು ಕಟ್ಟುನಿಟ್ಟಿನ ವ್ರತ. ಬೆಳಿಗ್ಗೆ ಪೂಜೆಯಾದ ಮೇಲೆ ಒಂದು ಊಟ. ಹೊತ್ತು ಮುಳುಗಿ, ಸಂಜೆಯ ಪೂಜೆ ಮುಗಿದ ಮೇಲೆ ಇನ್ನೊಂದು. ನಡುವೆ ಬೇಯಿಸಿದ್ದು ಏನನ್ನೂ ಮುಟ್ಟುವುದಿಲ್ಲ. ಊಟವೂ ಭಕ್ತರ ಮನೆಯದೇ ಆಗಬೇಕು.

ಅಣವೀರಪ್ಪ ಚೀಟಿ ಬಿಚ್ಚಿದ. "ನಾಲ್ಕು ಸಾವಿರದ ಆರುನೂರು ಮೈಲಿ ಚಿಲ್ಲರೆ ರೀ, ಅಯ್ಯಾರ. ನಡುವ ಬೈರೂತ್ ಅಂತ ಊರು, ಅಲ್ಲೊಂದು ತಾಸು ನಿಲ್ತದ. ಒಟ್ಟು ಹನ್ನೆರಡು ತಾಸು. ಮುಂಜಾನೆ ಹನ್ನೊಂದಕ್ಕ ಹೊಂಟ್ರ ನಮ್ಮ ಗಡಿಯಾರದಾಗ ರಾತ್ರಿ ಹನ್ನೊಂದಕ್ಕ ಇಳೀತೀರಿ. ಸಂಜಿ ಏಳರ ಸುಮಾರಿಗೆ ವಿಮಾನದಾಗ ಹೊತ್ತು ಮುಳಗತದ. ಪೂಜಿ ಮಾಡ್ರಿ, ಬುತ್ತಿ ಬಿಚ್ರಿ. ಒಂದ ಬುತ್ತಿ ಸಾಕು."

ಅಷ್ಟು ಹೇಳಿ ತನ್ನ ಕೈಯ ಗಡಿಯಾರವನ್ನೇ ಬಿಚ್ಚಿ ಅಯ್ಯನವರ ಕೈಗೆ ಕಟ್ಟಿದ. ಮೊದಲ ವರ್ಷದ ಬೋನಸ್ಸಿನಲ್ಲಿ ಕೊಂಡ ಗಡಿಯಾರ ಅದು. ಭಾಗವ್ವ ಮೆಚ್ಚಿ ತಲೆದೂಗಿದಳು.

ಅಡಿಗೆಮನೆಯ ಬಾಗಿಲಲ್ಲಿ, ಕೈತುಂಬ ಹಿಟ್ಟು ಮಾಡಿಕೊಂಡು ಕಸ್ತೂರಿ ನಿಂತಿದ್ದಳು.

"ಲಂಡನ್ ಯಾವ ದಿಕ್ಕಿಗೆ ಬರ್ತದ್ರಿ?"

"ಪಶ್ಚಿಮಕ್ಕ."

"ಅಂದ್ರ ಹೊತ್ತು ಮುಳುಗೂ ಕಡಿಗೇ ವಿಮಾನ ಹೊಂಟೈತಿ." ಅವಳು ತುಸು ತಡೆದಳು. "ಹಂಗಾರ ಹೊತ್ತು ಲಗೂನ ಮುಳುಗತದೇನು?"

"ಯಾಕ ಮುಳುಗೂದಿಲ್ಲ?"

"ಸಣ್ಣಾಕಿ ಇದ್ದಾಗ ನಾ ನೋಡೀನ್ರಿ. ನಮ್ಮ ಹೊಲ ಹಳ್ಳದಾಗ ಇತ್ತು. ಅಲ್ಲಿ ಹೊತ್ತು ಮುಳುಗಿದ ಮ್ಯಾಲ ಪಡುವಣ ದಿಬ್ಬಕ್ಕ ಓಡಿ ಓಡಿ ಏರತಿದ್ವಿ. ಏರಿದ್ರ ಹೊತ್ತು ಮತ್ತ ಕಾಣ್ತಿತ್ತು. ಒಂದ ದಿನ ಎರಡು ಸಲ ಮುಳುಗಿದ್ದು ನೋಡೀನಿ. ನಮ್ಮ ಕಾಲಿಗೇ ಹಂಗಂದ್ರ, ವಿಮಾನ ಅಷ್ಟು ಜೋರಾಗಿ ಅದರ ಬೆನ್ನ ಹತ್ತಿದ್ರ..."

ಅಣವೀರಪ್ಪ ನಕ್ಕುಬಿಟ್ಟ. ಕೆಟ್ಟ ಮನಸ್ಸಿನಿಂದಲ್ಲ. ಅಯ್ಯನವರ ಮುಂದೆ ಜಾಣನಾಗಿ ಕಾಣಬೇಕೆಂಬ ಹುರುಪಿನಲ್ಲಿ ನಕ್ಕ. "ಕಸ್ತೂರಿ, ಇದು ನಿಮ್ಮ ಹಳ್ಳದ ದಿಬ್ಬ ಅಲ್ಲ, ಬೋಯಿಂಗ್! ಎಲ್ಲಾ ಪುಸ್ತಕದಾಗ ಬರದಾರ."

ಬೆಂಚಿನ ಮೇಲಿದ್ದ ನಾಲ್ಕೂ ಜನ ನಕ್ಕರು. ಕಸ್ತೂರಿ ನಗಲಿಲ್ಲ. ಕೈಯ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಉಜ್ಜಿ ತೆಗೆದು ಒಳಗೆ ಹೋದಳು. ಅಂದು ಅವನ ತಾಟಿಗೆ ರೊಟ್ಟಿ ತಂದವಳು ಭಾಗವ್ವ.

*

ಮರುದಿನ ಏರ್‌ಪೋರ್ಟಿಗೆ ಅಯ್ಯ, ತಾಯಿ ಮಗಳು, ಅಣವೀರಪ್ಪ ನಾಲ್ವರೂ ಒಂದೇ ಟ್ಯಾಕ್ಸಿಯಲ್ಲಿ ಹೋದರು. ಕಸ್ತೂರಿ ಅಯ್ಯನವರ ಜೋಳಿಗೆಯಲ್ಲಿ ಬುತ್ತಿ ಇಟ್ಟಳು. ಅದರ ಪಕ್ಕಕ್ಕೆ ಸಣ್ಣದೊಂದು ಗಂಟು ತುರುಕಿ ಅವರ ಕಿವಿಯಲ್ಲಿ ಏನೋ ಹೇಳಿದಳು. ಅಯ್ಯ ಹೂಂಗುಟ್ಟಿದರು.

ಅಣವೀರಪ್ಪನಿಗೆ ತನ್ನದೇ ಕೆಲಸವಿತ್ತು. ತಾಯಿ ಮಗಳು ರೇಲಿಂಗಿಗೆ ಒರಗಿ ವಿಮಾನ ನೋಡುತ್ತಿದ್ದಾಗ ಅವನು ಅಯ್ಯನವರ ಹತ್ತಿರ ಸರಿದು, ನೆಲ ನೋಡುತ್ತ, ಒಂದೇ ಸವನೆ ಹೇಳಿ ಮುಗಿಸಿದ. ಅಯ್ಯ ಅವನನ್ನು ಪಾದದಿಂದ ತಲೆಯವರೆಗೆ ಎತ್ತು ನೋಡುವ ಹಾಗೆ ನೋಡಿದರು.

"ಹೋಗಿ ಬಂದು ಹೇಳ್ತೀನಿ" ಎಂದು ಜೋಳಿಗೆ ಸರಿಪಡಿಸಿಕೊಂಡು ನಡೆದರು.

ಆಮೇಲಿನ ಹತ್ತು ದಿನ ಅಣವೀರಪ್ಪನಿಗೆ ಬಹಳ ಉದ್ದವಾದವು. ಕೈಯಲ್ಲಿ ಗಡಿಯಾರವಿಲ್ಲ, ತಾಟಿನಲ್ಲಿ ಚಟ್ನಿಯಿಲ್ಲ. ವಿಮಾನ ಹಾಯುವಾಗ ಕಸ್ತೂರಿ ಬೇಕೆಂದೇ ಅಡಿಗೆಮನೆಯೊಳಗೆ ಉಳಿಯುತ್ತಿದ್ದಳು. ಸದ್ದು ಸುಮ್ಮನೆ ವ್ಯರ್ಥವಾಗಿ ಹೋಗುತ್ತಿತ್ತು.

ಹನ್ನೊಂದನೆಯ ದಿನ ನೀಲಿ ಬಣ್ಣದ ಕಾಗದ ಬಂತು. ಖಾನಾವಳಿಯ ಪತ್ರಗಳನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವುದು ಅಣವೀರಪ್ಪನ ಪಾಲಿನ ಕೆಲಸ. ಸಂಜೆ ಊಟಕ್ಕೆ ಬಂದವನ ಕೈಗೆ ಭಾಗವ್ವ ಪತ್ರ ಕೊಟ್ಟಳು. ಅವನು ಗಂಟಲು ಸರಿಮಾಡಿಕೊಂಡು ಶುರು ಮಾಡಿದ.

"ಚಿರಂಜೀವಿ ಭಾಗವ್ವನಿಗೆ ಚನ್ನಬಸಯ್ಯನ ಆಶೀರ್ವಾದ. ನಾನು ಕ್ಷೇಮ. ಲಿಂಗಧಾರಣೆ ಸಾಂಗವಾಯಿತು. ಆದರೆ ಇಲ್ಲಿಗೆ ಬರುವ ದಾರಿಯಲ್ಲಿ ಒಂದು ಸೋಜಿಗ ನಡೆಯಿತು. ಆ ಹುಡುಗನ ಗಡಿಯಾರದಲ್ಲಿ ಏಳು ಹೊಡೆಯಿತು. ಹೊತ್ತು ಮುಳುಗಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಕಿಟಕಿಯಲ್ಲಿ ನೋಡಿದರೆ ನಮ್ಮೂರಲ್ಲಿ ದನ ಇನ್ನೂ ಮೇಯುವ ಹೊತ್ತಿನಂತೆ ಬಿಸಿಲು. ಪಕ್ಕದ ಸಾಹೇಬ ಮೂರು ಸಲ ಉಂಡ. ನನ್ನ ತೊಡೆಯ ಮೇಲೆ ಬುತ್ತಿ, ಮೂಗಿಗೆ ರೊಟ್ಟಿಯ ವಾಸನೆ. ಹೊತ್ತು ಮುಳುಗದೆ ಪೂಜೆಯಿಲ್ಲ, ಪೂಜೆಯಾಗದೆ ಊಟವಿಲ್ಲ. ಲಂಡನ್ನಿನಲ್ಲಿ ಇಳಿದಾಗಲೂ ಸೂರ್ಯನಾರಾಯಣ ಮೇಲೆಯೇ ಇದ್ದ. ಡಾಕ್ಟರರ ಮನೆ ಮುಟ್ಟಿ, ಪೂಜೆ ಮುಗಿಸಿ ನಾನು ತುತ್ತು ಎತ್ತಿದಾಗ ಈ ಗಡಿಯಾರದಲ್ಲಿ ರಾತ್ರಿ ಎರಡು."

ಬೆಂಚಿನ ಮೇಲೆ ಒಬ್ಬೊಬ್ಬರೇ ಉಣ್ಣುವುದನ್ನು ನಿಲ್ಲಿಸಿದರು. ಅಣವೀರಪ್ಪನ ದನಿ ಸಣ್ಣದಾಗುತ್ತ ಬಂತು.

"ಗಟ್ಟಿಯಾಗಿ ಓದೋ, ಕೇಳವಲ್ದು" ಎಂದ ಖಂಡಪ್ಪ.

"ಹೊತ್ತು ಮುಳುಗಲಿಲ್ಲವೆಂದರೆ ತಿನ್ನಿರಿ, ಇದು ಬೇಯಿಸಿದ್ದಲ್ಲ ಎಂದು ಕಸ್ತೂರಿ ಶೇಂಗಾ ಬೆಲ್ಲದ ಉಂಡಿ ಕಟ್ಟಿ ಕೊಟ್ಟಿದ್ದಳು. ಆ ಎಂಟು ಉಂಡಿ ಇರದಿದ್ದರೆ ನನ್ನನ್ನು ವಿಮಾನದಿಂದ ಹೊತ್ತು ಇಳಿಸಬೇಕಾಗುತ್ತಿತ್ತು. ಇನ್ನೊಂದು ಮಾತು. ಏರ್‌ಪೋರ್ಟಿನಲ್ಲಿ ಆ ಹುಡುಗ ನನ್ನನ್ನು..."

ಅಲ್ಲಿಗೆ ಅವನ ನಾಲಿಗೆ ನಿಂತಿತು. ವಿಮಾನವೊಂದು ಬಂದರೆ ಸಾಕು ಎಂದು ತಗಡಿನ ಕಡೆ ನೋಡಿದ. ಆಕಾಶ ತೆಪ್ಪಗಿತ್ತು.

ಕಸ್ತೂರಿ ಬಂದು ಅವನ ಕೈಯಿಂದ ಪತ್ರ ತೆಗೆದುಕೊಂಡಳು. ಅವಳದು ನಾಲ್ಕನೆಯ ಇಯತ್ತೆಯವರೆಗಿನ ಓದು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು.

"ನನ್ನನ್ನು... ಕಸ್ತೂರಿಯನ್ನು... ಕೊಡಿಸಿರಿ... ಎಂದು ಕೇಳಿದ." ಅವಳ ಕಿವಿಯ ತುದಿ ಕೆಂಪಾಯಿತು. ಆದರೂ ಬಿಡಲಿಲ್ಲ. "ಹುಡುಗ ಒಳ್ಳೆಯವನು. ಗಡಿಯಾರ ಬಿಚ್ಚಿ ಕೊಟ್ಟ. ಆದರೆ ಅವನು ಕೇಳಬೇಕಾದ್ದು ನನ್ನನ್ನಲ್ಲ. ಯಾರ ಮಾತಿಗೆ ನಕ್ಕನೋ ಅವಳನ್ನು ಕೇಳಲಿ. ಅವಳು ಹೂಂ ಅಂದರೆ ನನ್ನದೂ ಹೂಂ."

ಭಾಗವ್ವ ಒಲೆಯ ಕಡೆ ಮುಖ ಮಾಡಿ ನಿಂತಳು. ಹೆಗಲು ಅಲುಗುತ್ತಿತ್ತು. ನಗುತ್ತಿದ್ದಾಳೆಂದು ಹಿಂದಿನಿಂದಲೇ ತಿಳಿಯುತ್ತಿತ್ತು.

"ಅಯ್ಯಾರನ್ನ ಕೇಳಿದ್ರಿ. ನನ್ನ ಯಾವಾಗ ಕೇಳಿದ್ರಿ?" ಎಂದಳು ಕಸ್ತೂರಿ.

"ಭಾಳ ಸಲ ಹೇಳೀನಿ" ಎಂದ ಅಣವೀರಪ್ಪ, ತಾಟು ನೋಡುತ್ತ.

"ಹೌದು. ವಿಮಾನ ಹಾಯುವಾಗ." ಅವಳು ಪತ್ರವನ್ನು ಮಡಚಿದಳು. "ಚಟ್ನಿ ಕೇಳಾಕ ಯಾರೂ ಅಷ್ಟ್ ಮುಖಾ ಮಾಡೂದಿಲ್ರಿ."

ಖಂಡಪ್ಪನಿಗೆ ನೀರು ನೆತ್ತಿಗೇರಿತು.

"ಕೇಳ್ರಿ ಇಲ್ಲಿ" ಎಂದಳು ಕಸ್ತೂರಿ. "ತಿರುಗಿ ಬರೂ ದಾರಿಗೂ ಅಯ್ಯಾರು ಪೂಜಿ ಮಾಡಬೇಕು, ಉಣ್ಣಬೇಕು. ಹೊತ್ತು ಯಾವಾಗ ಮುಳುಗತದ, ಖರೇ ಲೆಕ್ಕ ಮಾಡಿ ಅವರಿಗೆ ಬರೀರಿ. ತಪ್ಪಿದ್ರ ನಿಮಗ ಜನ್ಮಪೂರ್ತಿ ತಾಟಷ್ಟ."

"ಸರಿ ಇದ್ರ?"

"ಸರಿ ಇದ್ರ ಆಗ ನೋಡೂಣು."

*

ಭಾನುವಾರ ಮಧ್ಯಾಹ್ನ, ಊಟದ ಗದ್ದಲ ಮುಗಿದ ಮೇಲೆ, ಅಣವೀರಪ್ಪ ಆ ದಪ್ಪ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಬಂದ. ಬೆಂಚಿನ ಮೇಲೆ ತೆರೆದಿಟ್ಟ. ಹೊರಡುವ ವೇಳೆ ಇತ್ತು, ಮುಟ್ಟುವ ವೇಳೆ ಇತ್ತು, ಎರಡೂ ಊರುಗಳ ಗಡಿಯಾರಗಳ ಅಂತರ ಇತ್ತು. ಒಂದು ತಾಸು ಕೂಡಿಸಿದ, ಕಳೆದ. ಕಸ್ತೂರಿ ಸಂಜೆಯ ರೊಟ್ಟಿಗೆ ಹಿಟ್ಟು ನಾದುತ್ತ ಬಾಗಿಲಿನಿಂದ ನೋಡುತ್ತಿದ್ದಳು.

"ಆ ಪುಸ್ತಕದಾಗ ಹೊತ್ತು ಎಲ್ಲೈತ್ರಿ?"

ಅವನು ಪುಸ್ತಕ ಮುಚ್ಚಿದ. ಎದ್ದು ಬಂದು ಅಡಿಗೆಮನೆಯ ಹೊಸ್ತಿಲಲ್ಲೇ ಕೂತ. ಗಿರಾಕಿಗಳು ಅಲ್ಲಿಯವರೆಗೆ ಬಂದದ್ದಿಲ್ಲ.

"ಕಸ್ತೂರಿ, ನಿನ್ನ ದಿಬ್ಬದ ಮಾತು ಇನ್ನೊಂದ್ಸಲ ಹೇಳು. ಈ ಸಲ ನಗೂದಿಲ್ಲ."

ಅವಳು ಅವನ ಮುಖ ನೋಡಿದಳು. ಅದರಲ್ಲಿ ಹುಡುಕಿದ್ದು ಸಿಕ್ಕಿತೆಂದು ತೋರುತ್ತದೆ. ನಾದಿದ ಹಿಟ್ಟಿನಿಂದ ಕಿತ್ತಳೆ ಹಣ್ಣಿನಷ್ಟು ಉಂಡೆ ಮಾಡಿ ಅವನ ಅಂಗೈಗೆ ಇಟ್ಟಳು. "ಭೂಮಿ ಗುಂಡಗೈತಿ ಅಂತ ನಮ್ಮ ಮಾಸ್ತರು ಹೇಳಿದ್ರು. ಇದು ಭೂಮಿ. ಒಲಿ ಸೂರ್ಯ."

ಮುಂಬಯಿಗೆ ಒಂದು ತೊಗರಿಬೇಳೆ ಒತ್ತಿದರು, ಲಂಡನ್ನಿಗೆ ಒಂದು ಶೇಂಗಾ ಬೀಜ. ಬೈರೂತಿಗೆ ಮೆಂತ್ಯದ ಕಾಳು. ಸಾಸಿವೆಯೊಂದು ವಿಮಾನವಾಯಿತು. ಅಣವೀರಪ್ಪ ಉಂಡೆಯನ್ನು ಒಲೆಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದ. ಕಸ್ತೂರಿ ಬೆರಳ ತುದಿಯಿಂದ ಸಾಸಿವೆ ನಡೆಸಿದಳು. ಮೊದಲು ಹೋದ ದಾರಿ. ಬೇಳೆ ಕತ್ತಲಿಗೆ ಜಾರಿತು, ಸಾಸಿವೆ ಮಾತ್ರ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಬೆಳಕಿನಲ್ಲೇ ಉಳಿಯಿತು.

"ಆಹಾ" ಎಂದ ಅವನು. "ನೀ ಅಂದದ್ದ ಖರೆ."

"ಬರೂದು ನೋಡ್ರಿ ಈಗ. ಎದುರಿನಿಂದ ಕತ್ತಲಿ ಓಡಿ ಬರ್ತದ."

ಉಂಡೆ ಸಣ್ಣದು. ನಾಲ್ಕು ಸಾವಿರದ ಆರುನೂರು ಮೈಲಿ ಎರಡು ಬೆರಳಿನ ಅಗಲಕ್ಕೆ ಬಂದಿತ್ತು. ಹಿಟ್ಟು ಒಣಗಿ ಬಿರಿಯತೊಡಗಿದಾಗ ಅವಳು ನೀರು ಮುಟ್ಟಿಸಿ ಅವನ ಅಂಗೈಯಲ್ಲೇ ಒತ್ತಿ ಸರಿಪಡಿಸಿದಳು. ಇಬ್ಬರ ಬೆರಳಿಗೂ ಅದೇ ಹಿಟ್ಟು. ಹೊರಗೆ ಯಾವುದೋ ವಿಮಾನ ಹಾಯ್ದು ಹೋಯಿತು. ಅದು ಎಲ್ಲಿಗೆ, ಎಷ್ಟು ತಾಸು ಎಂದು ಅಣವೀರಪ್ಪ ಹೇಳಲಿಲ್ಲ.

ನಾಲ್ಕು ಸಲ ತಿರುಗಿಸಿ, ಪುಸ್ತಕದ ವೇಳೆಗೆ ತಾಳೆ ಹಾಕಿ, ಇಬ್ಬರೂ ಕೂಡಿ ಅಯ್ಯನವರಿಗೆ ಪತ್ರ ಬರೆದರು: 'ಬೈರೂತ್ ಬಿಟ್ಟು ಒಂದು ತಾಸಿನೊಳಗೆ ಹೊತ್ತು ಮುಳುಗುತ್ತದೆ. ಹೋಗುವಾಗಿನಂತೆ ಕಾಯಿಸುವುದಿಲ್ಲ, ಲಗುಬಗೆಯಿಂದ ಮುಳುಗುತ್ತದೆ. ಪೂಜೆಯ ಸಾಮಾನು ಕೈಗೆ ಸಿಗುವಂತೆ ಇಟ್ಟುಕೊಳ್ಳಿರಿ.' ಕೆಳಗೆ ಅಣವೀರಪ್ಪ ಸಹಿ ಹಾಕಿದ. ಸ್ವಲ್ಪ ಯೋಚಿಸಿ ಪೆನ್ನನ್ನು ಅವಳಿಗೆ ಕೊಟ್ಟ. ಅವಳು ತನ್ನ ಹೆಸರನ್ನು ಅವನ ಹೆಸರಿನ ಮೇಲೆ ಬರೆದಳು.

*

ಜೂನ್ ತಿಂಗಳ ಒಂದು ಗುರುವಾರ ನಸುಕಿನಲ್ಲಿ ಅಯ್ಯ ಬಂದಿಳಿದರು. ಬೆಳಿಗ್ಗೆ ಏಳಕ್ಕೇ ಅಣವೀರಪ್ಪ ಇಸ್ತ್ರಿಯ ಅಂಗಿ ತೊಟ್ಟು ಖಾನಾವಳಿಯ ಬೆಂಚಿನ ಮೇಲೆ ಕೂತಿದ್ದ. ಖಂಡಪ್ಪ ಇಂಥದನ್ನು ತಪ್ಪಿಸಿಕೊಳ್ಳುವವನಲ್ಲ, ಅವನೂ ಕೂತಿದ್ದ. ಕಸ್ತೂರಿ ಒಳಗೆ ರೊಟ್ಟಿ ತಟ್ಟುತ್ತಿದ್ದಳು. ಅಂದು ಬಡಿತ ಒಮ್ಮೆ ಜೋರಾಗುತ್ತಿತ್ತು, ಒಮ್ಮೆ ನಿಂತೇ ಹೋಗುತ್ತಿತ್ತು.

ಪೂಜೆ ಮುಗಿಸಿ ಅಯ್ಯ ಹೊರಗೆ ಬಂದರು. ವಿಭೂತಿ ಇನ್ನೂ ಹಸಿಯಿತ್ತು.

"ಬೈರೂತ್ ಬಿಟ್ವಿ" ಎಂದು ಅವರು ನಿಧಾನಕ್ಕೆ ಶುರು ಮಾಡಿದರು. "ನಾ ಪೂಜಿ ಸಾಮಾನು ತೊಡಿ ಮ್ಯಾಲ ಇಟ್ಕೊಂಡು ಕುಂತೆ. ಮುಕ್ಕಾಲು ತಾಸು ಆಗಿರಬೇಕು. ಬಾವಿಯೊಳಗ ಕೊಡ ಬಿಟ್ಟಂಗ ನೋಡು, ಗುಳುಂ ಅಂತ ಹೋದ ಸೂರ್ಯ. ಪೂಜಿ ಮುಗಿಸಿ ಹೊಟ್ಟಿತುಂಬ ಉಂಡೆ. ಪಕ್ಕದಾಂವ ಇನ್ನೂ ಊಟದ ಹಾದಿ ಕಾಯ್ತಿದ್ದ!"

ಅವರು ಕೈಯಿಂದ ಗಡಿಯಾರ ಬಿಚ್ಚಿ ಅಣವೀರಪ್ಪನಿಗೆ ಕೊಟ್ಟರು. "ಇದು ಸುಳ್ಳು ಹೇಳಲಿಲ್ಲ ತಮ್ಮಾ. ಆದ್ರ ಇದಕ್ಕ ಪೂರಾ ಗೊತ್ತಿಲ್ಲ." ಆಮೇಲೆ ಅಡಿಗೆಮನೆಯ ಕಡೆ ಮುಖ ಮಾಡಿ, "ಲೆಕ್ಕ ಸರಿ ಬಂತವ್ವಾ ಕಸ್ತೂರಿ" ಎಂದು ಕೂಗಿದರು.

ಒಳಗೆ ರೊಟ್ಟಿಯ ಬಡಿತ ನಿಂತಿತು.

ಅಣವೀರಪ್ಪ ಕಾದ. ಗಡಿಯಾರ ನೋಡಿದ. ಎಂಟೂವರೆಯ ಲೋಕಲ್ ತಪ್ಪಿದರೆ ಆಫೀಸಿನಲ್ಲಿ ಮುಖ ತೋರಿಸುವಂತಿಲ್ಲ. ಮತ್ತೆರಡು ನಿಮಿಷ ಕಾದು, ಒಲ್ಲದ ಮನಸ್ಸಿನಿಂದ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಕಾಲಿಟ್ಟ.

"ನಿಲ್ರಿ ಒಂದೀಟು."

ಕಸ್ತೂರಿ ಓಡಿ ಬಂದಳು. ಹಣೆಯ ಮೇಲೆ ಹಿಟ್ಟಿನ ಗೆರೆ. ಕೈಯಲ್ಲಿ, ಇಳಕಲ್ ಸೀರೆಯ ಹಳೆಯ ತುಂಡಿನಲ್ಲಿ ಗಟ್ಟಿಯಾಗಿ ಗಂಟು ಹಾಕಿದ ಬುತ್ತಿ. ಇನ್ನೂ ಬಿಸಿಯಿತ್ತು. ಎರಡೂ ಕೈಯಿಂದ ಅದನ್ನು ಅವನ ಕೈಗಿಟ್ಟಳು.

ಅಷ್ಟರಲ್ಲಿ ತಗಡು ನಡುಗುವಂತೆ ವಿಮಾನವೊಂದು ತಲೆಯ ಮೇಲೆ ಬಂತು. ಆ ಸದ್ದಿನ ನಡುವೆ ಕಸ್ತೂರಿ ತಲೆಯೆತ್ತಿ, ಅವನ ಕಣ್ಣಲ್ಲಿ ಕಣ್ಣಿಟ್ಟು, ನಿಧಾನವಾಗಿ, ಸ್ಪಷ್ಟವಾಗಿ ಏನೋ ಹೇಳಿದಳು. ತುಟಿ ಅಲುಗಿದ್ದನ್ನು ಅವನು ಕಂಡ. ಪೂರ್ತಿ ಕಂಡ.

ಸದ್ದು ಸಮುದ್ರಕ್ಕೆ ಇಳಿಯಿತು.

"ಏನಂದಿ?" ಎಂದ ಅವನು.

"ಚಟ್ನಿ ಹಾಕೇನಿ ಅಂದೆ" ಎಂದು ಅವಳು ಸೆರಗು ಬಾಯಿಗೊತ್ತಿಕೊಂಡು ಒಳಗೆ ಓಡಿದಳು.

ಖಂಡಪ್ಪ ಬೆಂಚಿನಿಂದಲೇ ಕೂಗಿದ. "ಲೇ ಅಣವೀರಪ್ಪಾ, ಇಲ್ಲಿಂದ ಫೋರ್ಟ್ ಎಷ್ಟು ಮೈಲಿ ಬೀಳತದೋ?"

ಅಣವೀರಪ್ಪ ಬಾಯಿ ತೆರೆದ. ಅವನಿಗೆ ಅದು ಗೊತ್ತಿರದೆ ಇಲ್ಲ. ಕೈಯ ಗಂಟನ್ನು ಒಮ್ಮೆ ನೋಡಿಕೊಂಡ.

"ಒಂದು ಬುತ್ತಿ ದಾರಿ" ಎಂದು ಹೇಳಿ ಸ್ಟೇಷನ್ನಿನ ಕಡೆ ನಡೆದ. ಎಂಟೂವರೆಯ ಲೋಕಲ್ ಅವನ ಕಣ್ಣೆದುರೇ ಹೋಯಿತು. ಅವನು ನಗುತ್ತಲೇ ಮುಂದಿನದಕ್ಕೆ ಕಾದ.